ಅಮ್ಮನ ಬಾಚಣಿಗೆ

ನಮ್ಮ ತಾಯಿಯವರು ತೀರಿಕೊಂಡ ಬಳಿಕ ಅವರ ಸೆಲ್ಯುಲಾಯ್ಡ್ ಬಾಚಣಿಗೆಯನ್ನು ರೇಷ್ಮೆಯ ಚೂರಿನಲ್ಲಿ ಸುತ್ತಿ, ಅವರ ಕಾಗದಗಳೊಡನೆ ಟ್ರಂಕಿನಲ್ಲಿ ಭದ್ರವಾಗಿ ಮುಚ್ಚಿಟ್ಟಿದ್ದೆನು. ಎಳೆತನದಲ್ಲಿ ಅದನ್ನು ಅಂಗೈಗೆ ತಿಕ್ಕಿದರೆ ಕರ್ಪೂರದ ಪರಿಮಳ ಬರುತ್ತಿದ್ದಿತು. ದೇವರ ಮನೆಯ ವಾಸನೆ ಅಮ್ಮನ ಮುಡಿಯಲ್ಲಿಯೂ ನೆಲೆಸಿದೆಯೆಂದು ಆಗ ನಂಬಿದ್ದೆನು.

ಕಳೆದ ವರ್ಷ ಟ್ರಂಕನ್ನು ತೆರೆದಾಗ ಆ ಪರಿಮಳವಿರಲಿಲ್ಲ. ಆಮ್ಲದ ಘಾಟು ಮೂಗಿಗೆ ಬಡಿಯಿತು. ಬಾಚಣಿಗೆಯ ಮೈ ಬಿರುಕುಬಿಟ್ಟಿದ್ದಿತು. ರೇಷ್ಮೆ ಮುಟ್ಟಿದಲ್ಲಿಯೇ ಪುಡಿಯಾಯಿತು. ಕಾಗದಗಳ ಅಂಚು ಹಳದಿಗಟ್ಟಿದ್ದಿತು. "ಅಣ್ಣಾ, ಇನ್ನು ಇದನ್ನು ದೇವರ ಗೂಡಿನಲ್ಲಿಡೋಣ" ಎಂದಳು ತಂಗಿ. ನಾನು ಬೇಡವೆಂದೆನು. ಅವಳ ಕಣ್ಣು ತುಂಬಿತು.

ನನ್ನ ನಿಷ್ಠುರಕ್ಕೆ ಕಾರಣವಿದ್ದಿತು. ಹತ್ತಿಯನ್ನು ನೈಟ್ರಿಕ್ ಆಮ್ಲ, ಗಂಧಕಾಮ್ಲಗಳಲ್ಲಿ ನೆನೆಸಿದರೆ ಸಿಡಿಯುವ ವಸ್ತುವಾಗುವುದೆಂದು 1846ರಲ್ಲಿ ಷೋನ್‌ಬೈನ್ ಎಂಬ ವಿದ್ವಾಂಸನು ಪ್ರಕಟಿಸಿದನು. ಅದಕ್ಕಿಂತ ಕಡಮೆ ಉಗ್ರವಾದ ಅದರ ಸೋದರ ದ್ರವ್ಯಕ್ಕೆ, 1870ರ ಸುಮಾರಿನಲ್ಲಿ, ಅಮೆರಿಕದ ಹಯಟ್ ಸಹೋದರರು ಕರ್ಪೂರವನ್ನು ಬೆರೆಸಿದರು. ಕರ್ಪೂರದ ಕಣಗಳು ಉದ್ದವಾದ ಎಳೆಗಳ ನಡುವೆ ಸೇರಿಕೊಂಡು ಅವು ಜಾರುವಂತೆ ಮಾಡುತ್ತವೆ; ಬಿರುಸಾದುದು ಬಾಗುತ್ತದೆ, ಅಚ್ಚಿಗೆ ಒಗ್ಗುತ್ತದೆ.

ಆದರೆ ಮೃದುಗೊಳಿಸುವುದೆಲ್ಲ ಶಾಂತಗೊಳಿಸದು. ಕರ್ಪೂರವು ಎಳೆಗಳಿಗೆ ಅಂಟಿಕೊಂಡಿಲ್ಲ. ವರ್ಷಗಳು ಸಂದಂತೆ ಆರಿಹೋಗುತ್ತದೆ, ವಸ್ತು ಕುಗ್ಗಿ ಸೀಳುತ್ತದೆ. ಅತ್ತ ಎಳೆಗಳಿಂದ ನೈಟ್ರೋಜನ್ನಿನ ಆಕ್ಸೈಡುಗಳು ಮೆಲ್ಲಮೆಲ್ಲನೆ ಕಳಚುತ್ತಿರುತ್ತವೆ. ತೇವ ಸೋಕಿದರೆ ಅವು ಆಮ್ಲವಾಗಿ, ಇನ್ನಷ್ಟು ಕಳಚುವಂತೆ ಮಾಡುತ್ತವೆ. ಬಿಸಿ ಹೆಚ್ಚಿದಷ್ಟೂ ಈ ಕೆಲಸ ತೀವ್ರವಾಗುವುದು. ಬೆಂಕಿ ಹತ್ತಿದರೆ ಭರ್ರನೆ ಉರಿದುಹೋಗುವುದು. ಉರಿಯಲು ಬೇಕಾದ ಆಮ್ಲಜನಕವು ಬಹುಪಾಲು ಅದರೊಳಗೇ ಇದೆ. 1889ರ ಕಾರ್ಡೈಟ್ ಮದ್ದಿನಲ್ಲಿ ಹತ್ತಿಯನ್ನು ಮೆದುವಾಗಿಸಿದ್ದು ನೈಟ್ರೋಗ್ಲಿಸರಿನ್. ಅದಾದರೋ ತಾನೇ ಸಿಡಿಯುವಂಥದು. ಕೋವಿಯ ನಳಿಗೆ ಸವೆಯದಿರಲೆಂದು ಸೇರಿಸಿದ ವ್ಯಾಸಲೀನು, ಕಳಚಿದ ಅನಿಲಗಳನ್ನು ಹೀರಿ ಮದ್ದನ್ನು ಕಾಯುತ್ತದೆಂದು ಆಮೇಲೆ ತಿಳಿಯಿತು.

ಮಮತೆಯಿಂದ ಮುಚ್ಚಿಟ್ಟುದೇ ನನ್ನ ತಪ್ಪು. ಹೊರಹೋಗಬೇಕಾದ ವಿಷಗಾಳಿಯನ್ನು ಒಳಗೇ ಕೂಡಿಹಾಕಿದ್ದೆನು. ಇನ್ನು ದೀಪದ ಬಳಿಯಲ್ಲಿಟ್ಟರೆ ಒಂದು ಕಿಡಿಗೆ ಎಲ್ಲವೂ ಮುಗಿಯುವುದು. ಇದನ್ನು ಕೇಳಿ ತಂಗಿ ಕಣ್ಣೊರಸಿಕೊಂಡಳು.

ಈಗ ಬಾಚಣಿಗೆ ಗಾಳಿಯಾಡುವ ತಂಪಾದ ಮೂಲೆಯಲ್ಲಿ, ಒಲೆ ದೀಪಗಳಿಂದ ದೂರದಲ್ಲಿ, ತೆರೆದ ತಟ್ಟೆಯ ಮೇಲಿದೆ. ಹೆಚ್ಚು ದಿನ ಉಳಿಯದು. ಕಾಗದಗಳು ಬೇರೆ ಪೆಟ್ಟಿಗೆಯಲ್ಲಿವೆ. ಅಮ್ಮನ ಅಕ್ಷರ ಇನ್ನೂ ಓದಲು ಬರುತ್ತದೆ.