ಚಿಕ್ಕಪ್ಪನ ಐನೂರು ರೂಪಾಯಿ

"ನೀನು ಓಡಿದ್ರೆ ನಿಮ್ಮಪ್ಪನ ಕೈ ಬರುತ್ತೇನೋ?" ಎಂದರು ಚಿಕ್ಕಪ್ಪ. ಐನೂರು ರೂಪಾಯಿ ಕೇಳಿದ್ದಕ್ಕೆ ಸಿಕ್ಕ ಉತ್ತರ ಇದು.

ಲಕ್ವ ಹೊಡೆದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವ ಸಂಸ್ಥೆಯೊಂದಕ್ಕೆ ಹಣ ಕೂಡಿಸಲು ಬೆಂಗಳೂರಿನ ವರ್ಲ್ಡ್ ಟೆನ್‌ಕೆಯಲ್ಲಿ ಓಡುತ್ತೇನೆಂದು ಹೆಸರು ಕೊಟ್ಟಿದ್ದೆ. 2008ರಿಂದ ನಡೆಯುತ್ತಿರುವ ಓಟ. ಕೀನ್ಯಾ, ಇಥಿಯೋಪಿಯಾದವರು ಅರ್ಧ ಗಂಟೆಯೊಳಗೆ ಮುಗಿಸಿ ಬೆವರೊರೆಸಿಕೊಳ್ಳುತ್ತಾರೆ. ಮೋಜಿಗಷ್ಟೇ ಓಡುವ ಮಜ್ಜಾ ರನ್ನಿನವರು ವೇಷ ಕಟ್ಟಿಕೊಂಡು ಸೆಲ್ಫಿ ತೆಗೆಯುತ್ತ ಸಾಗುತ್ತಾರೆ. ನಾನು ಹೆಸರಿಗೆ ಮೊದಲಿನವರ ಪೈಕಿ, ವೇಗಕ್ಕೆ ಎರಡನೆಯವರ ಪೈಕಿ. ಆದರೂ ಓಡಿಬಿಡಬಹುದು ಸ್ವಾಮಿ, ನೆಂಟರ ಹತ್ತಿರ ದುಡ್ಡು ಕೇಳುವುದಿದೆಯಲ್ಲ, ಅದಕ್ಕೆ ಯಾವ ತಾಲೀಮೂ ಸಾಲದು.

ಇನ್ನೊಂದು ಓಟವಿದೆ, ವಿಂಗ್ಸ್ ಫಾರ್ ಲೈಫ್ ಅಂತ. ಮೋಟೋಕ್ರಾಸ್ ಚಾಂಪಿಯನ್ ಆಗಿದ್ದ ಆಸ್ಟ್ರಿಯಾದ ಕಿನಿಗಾಡ್ನರ್, ಮಗನ ಬೆನ್ನುಹುರಿಗೆ ಪೆಟ್ಟಾದ ಮೇಲೆ ಗೆಳೆಯನ ಜೊತೆ ಕಟ್ಟಿದ ಸಂಸ್ಥೆಯದು. 2014ರಲ್ಲಿ ಶುರುವಾದ ಈ ಓಟಕ್ಕೆ ಗುರಿಗೆರೆಯೇ ಇಲ್ಲ. ಓಟಗಾರರು ಹೊರಟ ಅರ್ಧ ಗಂಟೆಗೆ ಹಿಂದಿನಿಂದ ಕಾರು ಹೊರಡುತ್ತದೆ. ಅದು ನಿಮ್ಮನ್ನು ದಾಟಿದರೆ ನಿಮ್ಮ ಓಟ ಮುಗಿಯಿತು. ನಮ್ಮಾಕೆಗೆ ಹೇಳಿದೆ. "ತರಕಾರಿ ತರೋಕೆ ಹೋದ್ರೆ ದಿನಾ ಅದೇ ತಾನೆ?" ಎಂದಳು. ಅಲ್ಲಿ ಮಗನಿಗಾಗಿ ಅಪ್ಪ, ನಮ್ಮಲ್ಲಿ ಉಲ್ಟಾ.

ನಮ್ಮಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಊರಿಗೆ ಊರೇ ಅವರ ಸೀಟಿಗೆ ಓಡಿದ್ದು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ನೀರು ಬಾಯಲ್ಲಿ ನಿಲ್ಲದೆ ಬಲಗಡೆಯಿಂದ ಸೋರಿತು. ಆಮೇಲೆ ಬಲಗೈ, ಬಲಗಾಲು, ಮಾತು. ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಕ್ಕೆ ಅದನ್ನು ಕರಗಿಸುವ ಇಂಜೆಕ್ಷನ್ನು ನಾಲ್ಕೂವರೆ ಗಂಟೆಯೊಳಗೆ ಬೀಳಬೇಕಂತೆ. ನಮಗೇನು ಗೊತ್ತು? ಪಾರಿವಾಳದ ರಕ್ತ ತಿಕ್ಕಿದರೆ ಸರಿಹೋಗುತ್ತದೆ ಅಂದರು ಚಿಕ್ಕಪ್ಪ. ಇಬ್ಬರೂ ಸ್ಕೂಟರಿನಲ್ಲಿ ಪಾರಿವಾಳ ಹುಡುಕಿಕೊಂಡು ಹೋದೆವು. ಆಸ್ಪತ್ರೆ ಮುಟ್ಟಿದಾಗ ಸಂಜೆ. ಓಡಬೇಕಾಗಿದ್ದ ದಿನ ಅದು.

ಈಗ ಫಿಸಿಯೋ ಹುಡುಗಿ ತುಟಿಗೆ ಶಕ್ತಿ ಬರಲಿ ಅಂತ ಅದೇ ಹಳೆಯ ಸೀಟಿಯನ್ನು ಊದಿಸುತ್ತಾಳೆ. ಅರ್ಧ ಗಾಳಿ ಬಾಯಂಚಿನಲ್ಲಿ ಸೋರಿಹೋಗಿ, ಒಳಗಿನ ಗೋಲಿ ಒಂದು ಸಲ ಕಟಕ್ ಅನ್ನುತ್ತದೆ, ಅಷ್ಟೆ.

ಓಟದ ಹಿಂದಿನ ರಾತ್ರಿ ಚಿಕ್ಕಪ್ಪ ಬಂದು ಐನೂರರ ನೋಟು ಮೇಜಿನ ಮೇಲಿಟ್ಟರು. "ಪಾರಿವಾಳದವನಿಗೂ ಇಷ್ಟೇ ಕೊಟ್ಟಿದ್ದೆ" ಎಂದು ಹೇಳಿ, ಕಾಫಿಗೂ ನಿಲ್ಲದೆ ಹೊರಟರು.

ಓಡಿದೆ. ಕೊನೆಯ ಎರಡು ಕಿಲೋಮೀಟರು ನಡೆದೆ ಅನ್ನುವುದು ನಮ್ಮಲ್ಲೇ ಇರಲಿ. ಮನೆಗೆ ಬಂದು ಫೋನಿನಲ್ಲಿ ಫೋಟೋ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿದರು. ಗಂಟಲು ಸರಿಮಾಡಿಕೊಂಡು, ಮೂರನೆಯ ಸಲಕ್ಕೆ "ಲೇ... ಸು" ಎಂದರು. ಬದುಕಿಡೀ ಯಾರನ್ನೂ ಹೊಗಳದ ಮನುಷ್ಯ ಹಳಗನ್ನಡದಲ್ಲಿ ಮೆಚ್ಚಿದರಲ್ಲ ಎಂದು ಗಂಟಲುಬ್ಬಿತು. ಅಷ್ಟರಲ್ಲಿ ಅವರ ಎಡಗೈ ಬೆರಳು ಫೋಟೋದ ಮೇಲೆ ಕುಟ್ಟತೊಡಗಿತು. ಬಗ್ಗಿ ನೋಡಿದೆ. ನನ್ನ ಎಡಗಾಲಿನ ಶೂ ಲೇಸು ಬಿಚ್ಚಿಕೊಂಡು ರಸ್ತೆಯ ಮೇಲೆ ಎಳೆದಾಡುತ್ತಿತ್ತು.