ಬರೀ 'ತೈ.' ಅಂದರೆ ಯಾವುದು?

ಸತ್ಯಮೇವ ಜಯತೇ ಎಲ್ಲರಿಗೂ ಬಾಯಿಪಾಠ. ಅದರ ಪಕ್ಕದಲ್ಲಿ 'ಮುಂ.ಉ. 3.1.6' ಎಂದಿದ್ದರೆ ಮಾತ್ರ ಹೆಚ್ಚಿನವರು ಓದದೆ ದಾಟಿಬಿಡುತ್ತಾರೆ. ಅದು ಮುಂಡಕೋಪನಿಷತ್ತಿನ ವಿಳಾಸ: ಮೂರನೆಯ ಮುಂಡಕ, ಒಂದನೆಯ ಖಂಡ, ಆರನೆಯ ಮಂತ್ರ. 'ಮುಂ' ಹೋಗಿ 'ಮಾಂ' ಆಯಿತೋ, ಗ್ರಂಥವೇ ಬೇರೆ. ಮಾಂಡೂಕ್ಯದಲ್ಲಿ ಇರುವುದೇ 12 ಮಂತ್ರ. ಅಲ್ಲಿಗೆ ಒಂದು ಅಂಕಿ ಸಾಕು.

ಬರೀ 'ತೈ.' ಎಂದು ಬರೆದು ಕೈತೊಳೆದುಕೊಳ್ಳುವವರೂ ಇದ್ದಾರೆ. ತೈತ್ತಿರೀಯದ ಹೆಸರಿನಲ್ಲಿ ಸಂಹಿತೆ, ಬ್ರಾಹ್ಮಣ, ಆರಣ್ಯಕ, ಉಪನಿಷತ್ತು ನಾಲ್ಕೂ ಉಂಟಲ್ಲ! ತೈ.ಸಂ., ತೈ.ಬ್ರಾ., ತೈ.ಆ., ತೈ.ಉ. ಎಂದು ಬಿಡಿಸಿ ಹೇಳದಿದ್ದರೆ ಹುಡುಕುವವರ ಪಾಡು ದೇವರಿಗೇ ಪ್ರೀತಿ.

ಅಕ್ಷರ ಸರಿಯಿದ್ದರೂ ಅಂಕಿ ಕೈಕೊಡಬಹುದು. ಭ.ಗೀ. 13ನೆಯ ಅಧ್ಯಾಯವನ್ನೇ ತೆಗೆದುಕೊಳ್ಳಿ. ಕೆಲವು ಮುದ್ರಣಗಳಲ್ಲಿ ಅದು ಅರ್ಜುನನ ಪ್ರಶ್ನೆಯೊಂದರಿಂದ ಶುರುವಾಗುತ್ತದೆ, ಒಟ್ಟು 35 ಶ್ಲೋಕ. ಶಾಂಕರಭಾಷ್ಯದ ಪಾಠದಲ್ಲಿ ಆ ಪ್ರಶ್ನೆಯಿಲ್ಲ, 34 ಮಾತ್ರ. ಹೀಗಾಗಿ ಒಬ್ಬರ 13.2 ಇನ್ನೊಬ್ಬರಿಗೆ 13.1. ಇಬ್ಬರೂ ಸರಿಯೇ, ಜಗಳ ಮಾತ್ರ ವ್ಯರ್ಥ. ಮಹಾಭಾರತದಲ್ಲಂತೂ ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಗೂ ಕುಂಭಕೋಣದ ಮುದ್ರಣಕ್ಕೂ ಅಧ್ಯಾಯದ ಎಣಿಕೆಯೇ ತಾಳೆಯಾಗುವುದಿಲ್ಲ. ಯಾವ ಆವೃತ್ತಿ ಎಂದು ತಿಳಿಸದ ಉಲ್ಲೇಖ ಅಲ್ಲಿ ಅರ್ಧ ಉಲ್ಲೇಖ.

ಬೈಬಲಿನಲ್ಲಿ ಅಂಕಿ ಹೆಸರಿನ ಹಿಂದೆಯೂ ಬರುತ್ತದೆ, ಮುಂದೆಯೂ ಬರುತ್ತದೆ. 'ಯೋಹಾ. 3:16' ಸುವಾರ್ತೆಯದು. '1 ಯೋಹಾ. 3:16' ಎಂದರೆ ಯೋಹಾನನ ಮೊದಲನೆಯ ಪತ್ರಿಕೆ.