ಸ್ಥಾವರದ ನೆರಳಿನಲ್ಲಿ ಒಂದು ದಿನದ ನಡಿಗೆ



ಗುಡಿ ಕಟ್ಟಿಸುವ ಸಿರಿವಂತಿಕೆಯಿಲ್ಲದ ಭಕ್ತನೊಬ್ಬ ತನ್ನ ಶರೀರವನ್ನೇ ಶಿವನ ಆಲಯವಾಗಿ ಅರ್ಪಿಸಿಕೊಳ್ಳುವ ಬಸವಣ್ಣನವರ ವಚನವನ್ನು ಅರಿಯದ ಕನ್ನಡಿಗರು ವಿರಳ. ಅದರ ಕೊನೆಯಲ್ಲಿ ಅಣ್ಣನವರು ಸ್ಥಾವರ ಮತ್ತು ಜಂಗಮಗಳನ್ನು ಎದುರುಬದುರಾಗಿ ನಿಲ್ಲಿಸಿ, ಒಂದಕ್ಕೆ ನಾಶವಿದೆ, ಇನ್ನೊಂದಕ್ಕೆ ಇಲ್ಲ ಎಂದು ತೀರ್ಪು ಕೊಡುತ್ತಾರೆ. ಪ್ರವಚನಗಳಲ್ಲಿ, ಶಾಲೆಯ ಪ್ರಾರ್ಥನೆಗಳಲ್ಲಿ, ಸಭೆ ಸಮಾರಂಭಗಳಲ್ಲಿ ನಾವು ಇದನ್ನು ಎಷ್ಟು ಸಲ ಹೇಳಿದ್ದೇವೆಂದರೆ, ಅದರೊಳಗೆ ಒಂದು ಕಠಿಣವಾದ ಪ್ರಶ್ನೆಯಿದೆ ಎಂಬುದೇ ನಮಗೆ ಮರೆತಂತಾಗಿದೆ.

ಈ ಎರಡು ಶಬ್ದಗಳ ಹಳೆಯ ಅರ್ಥವನ್ನು ಸ್ವಲ್ಪ ಗಮನಿಸಬೇಕು. ಶರಣರಿಗಿಂತ ಬಹಳ ಹಿಂದಿನಿಂದಲೂ ಶಾಸ್ತ್ರಗಳಲ್ಲಿ ಸ್ಥಾವರವೆಂದರೆ ನಿಂತಲ್ಲೇ ಇರುವುದು, ಅಂದರೆ ಗಿಡ, ಮರ, ಬೆಟ್ಟ. ಜಂಗಮವೆಂದರೆ ಚಲಿಸುವುದು, ಅಂದರೆ ಪ್ರಾಣಿ, ಪಕ್ಷಿ, ಮನುಷ್ಯ. ಶರಣರು ಅದೇ ಶಬ್ದಗಳನ್ನು ತೆಗೆದುಕೊಂಡು ಗುಡಿಯಲ್ಲಿ ನೆಟ್ಟ ಲಿಂಗಕ್ಕೂ, ಅರಿವನ್ನು ಹೊತ್ತು ಊರೂರು ತಿರುಗುವ ಚೇತನಕ್ಕೂ ಅನ್ವಯಿಸಿದರು. ಗುಡಿಯ ಮುಂದೆ ನಿಂತಾಗ ವಚನದ ಮಾತು ಸುಲಭವಾಗಿ ಒಪ್ಪಿತವಾಗುತ್ತದೆ. ಹಂಪಿಯಲ್ಲಿಯೋ ಬಸವಕಲ್ಯಾಣದಲ್ಲಿಯೋ ಮುರಿದ ಕಂಬಗಳೇ ಅದಕ್ಕೆ ಸಾಕ್ಷಿ ಹೇಳುತ್ತವೆ. ಆದರೆ ಮರದ ಮುಂದೆ ನಿಂತಾಗ?

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಶ್ರೇಣಿಯ ಪಶ್ಚಿಮದ ಇಳಿಜಾರಿನಲ್ಲಿ ಸಿಕೋಯಾ ರಾಷ್ಟ್ರೀಯ ಉದ್ಯಾನವಿದೆ. 1890ರಲ್ಲಿ ಸ್ಥಾಪಿತವಾದದ್ದು. ಮಗನ ಸಂಸಾರದೊಂದಿಗೆ ಅಲ್ಲಿ ಒಂದು ದಿನ ನಡೆಯುವ ಅವಕಾಶ ನನಗೆ ಒದಗಿತು. ಆರೇಳು ಸಾವಿರ ಅಡಿ ಎತ್ತರದ 'ದೈತ್ಯಾರಣ್ಯ'ದಲ್ಲಿ ನಡಿಗೆ ಆರಂಭಿಸಿ, ಸಂಜೆಯ ಹೊತ್ತಿಗೆ ಮೋರೋ ರಾಕ್ ಎಂಬ ಬೋಳು ಗ್ರಾನೈಟ್ ಬಂಡೆಯ ನೆತ್ತಿಯನ್ನು ತಲುಪುವುದು ನಮ್ಮ ಉದ್ದೇಶ. ಆ ಕಾಡಿಗೆ 'ದೈತ್ಯಾರಣ್ಯ' ಎಂಬ ಅರ್ಥದ ಹೆಸರನ್ನು 1875ರಲ್ಲಿ ಕೊಟ್ಟವರು ಪ್ರಕೃತಿಪ್ರೇಮಿ ಜಾನ್ ಮ್ಯೂರ್.

ಜನರಲ್ ಶರ್ಮನ್ ಎಂಬ ಮರದ ಬುಡದಲ್ಲಿ ನಿಂತರೆ ಅಳತೆಗಳು ಅರ್ಥ ಕಳೆದುಕೊಳ್ಳುತ್ತವೆ. ಎತ್ತರ 275 ಅಡಿ, ಬುಡದ ಸುತ್ತಳತೆ 100 ಅಡಿಗೂ ಮಿಗಿಲು. ಇದಕ್ಕಿಂತ ಎತ್ತರದ ಮರಗಳು ಬೇರೆಡೆ ಇವೆಯಾದರೂ ಕಾಂಡದ ಗಾತ್ರದಲ್ಲಿ ಜಗತ್ತಿನ ಜೀವಂತ ಮರಗಳಲ್ಲಿ ಇದೇ ದೊಡ್ಡದು. ವಯಸ್ಸು ಸುಮಾರು 2,200 ವರ್ಷವೆಂದು ಅಂದಾಜು. ಕಲ್ಯಾಣದಲ್ಲಿ ಅನುಭವ ಮಂಟಪ ಸೇರುತ್ತಿದ್ದ ಕಾಲಕ್ಕೇ ಈ ಮರಕ್ಕೆ ಹದಿಮೂರು ಶತಮಾನಗಳು ತುಂಬಿದ್ದವು.

ವಾರಾಂತ್ಯದ ತರಗತಿಯಲ್ಲಿ ವಚನ ಕಲಿಯುವ ಹನ್ನೊಂದು ವರ್ಷದ ಮೊಮ್ಮಗಳು ಅಲ್ಲಿ ಕೇಳಿದಳು: "ತಾತ, ಇದು ಸ್ಥಾವರ ತಾನೇ? ಹಾಗಿದ್ದರೆ ಇದು ಯಾಕೆ ಹೋಗಿಲ್ಲ? ನಡೆಯುವವರೇ ಎಲ್ಲ ಹೋಗಿಬಿಟ್ಟರಲ್ಲ?"

ಜಂಗಮವೆಂದರೆ ನಡೆಯುವ ಕಾಲಲ್ಲ, ಅರಿವು ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದು ಸರಿಯಾದ ಉತ್ತರವೇ. ಆದರೆ ಅಂಥ ಮರವನ್ನು ಮುಟ್ಟಿ ನಿಂತ ಮಗುವಿಗೆ ಆ ಉತ್ತರ ಕೊಡುವುದು ಪುಸ್ತಕ ತೆರೆದು ಮುಖ ಮರೆಸಿಕೊಂಡಂತೆ. "ನೋಡುತ್ತಾ ನಡೆಯೋಣ ಮಗಳೇ" ಎಂದೆ.

ನಡೆಯುತ್ತಾ ಕಂಡದ್ದು ಮೊದಲು ಬೆಂಕಿಯ ಗುರುತು. ಸುಟ್ಟ ಗಾಯವಿಲ್ಲದ ಹಿರಿಯ ಮರ ಅಲ್ಲಿ ಅಪರೂಪ. ಕೆಲವು ಗಾಯಗಳು ಗವಿಯಷ್ಟು ದೊಡ್ಡವು. ಅವುಗಳ ಎರಡೂ ಅಂಚಿನಿಂದ ಹೊಸ ತೊಗಟೆ ನಿಧಾನವಾಗಿ ಹರಿದುಬಂದು, ಶತಮಾನಗಳ ಕಾಲ ತೆಗೆದುಕೊಂಡು ಗಾಯವನ್ನು ಮುಚ್ಚುತ್ತದೆ. ತೊಗಟೆಯ ದಪ್ಪ ಎರಡು ಅಡಿಯವರೆಗೂ ಇರಬಹುದು. ಬೇರುಗಳು ಆಳಕ್ಕಿಳಿದಿರುವುದಿಲ್ಲ, ನೆಲದ ಮೇಲ್ಪದರದಲ್ಲೇ ದೂರದೂರಕ್ಕೆ ಚಾಚಿಕೊಂಡಿರುತ್ತವೆ. ಕಾಯಿ ಕೋಳಿಮೊಟ್ಟೆಯ ಗಾತ್ರದ್ದು, ಅದರೊಳಗಿನ ಬೀಜ ಓಟ್ಸ್ ಕಾಳಿನ ಚೂರಿನಷ್ಟು. ಆ ಕಾಯಿ ಹಸಿರಾಗಿಯೇ, ಮುಚ್ಚಿಕೊಂಡೇ, ಇಪ್ಪತ್ತು ವರ್ಷಗಳವರೆಗೂ ಕೊಂಬೆಯಲ್ಲಿ ಕುಳಿತಿರಬಲ್ಲದು. ಕೆಳಗೆ ಬೆಂಕಿ ಹೊತ್ತಿ ಅದರ ಕಾವು ಮೇಲೇರಿದಾಗ ಒಣಗಿ ಬಿರಿಯುತ್ತದೆ. ಕಸಕಡ್ಡಿ ಸುಟ್ಟು ಬಯಲಾದ ಮಣ್ಣಿನ ಮೇಲೆ ಬೀಜ ಬೀಳುತ್ತದೆ.

ಇದು ತಿಳಿಯದೆ ಮನುಷ್ಯರು ಒಂದು ಶತಮಾನದ ಉದ್ದಕ್ಕೂ, ಮರಗಳ ಮೇಲಿನ ಪ್ರೀತಿಯಿಂದಲೇ, ಕಾಡಿನಲ್ಲಿ ಕಾಣಿಸಿದ ಬೆಂಕಿಯನ್ನೆಲ್ಲ ಆರಿಸಿದರು. ಹೊಸ ಸಸಿಗಳು ಹುಟ್ಟುವುದು ಕುಂಠಿತವಾಯಿತು, ತರಗೆಲೆ ಮತ್ತು ಪೊದೆಗಳ ರಾಶಿ ಬೆಳೆಯಿತು. 1960ರ ದಶಕದಲ್ಲಿ ವಿಜ್ಞಾನಿಗಳು ಎಚ್ಚರಿಸಿದ ಮೇಲೆ ಕೆಲವೆಡೆ ತಾವೇ ಚಿಕ್ಕ ಬೆಂಕಿಯಿಟ್ಟು ಕಾಡನ್ನು ಹಗುರಗೊಳಿಸುವ ಕ್ರಮ ಆರಂಭವಾಯಿತು. ಆದರೂ, ಬರಗಾಲ ಮತ್ತು ಏರಿದ ತಾಪಮಾನ ಜೊತೆಗೂಡಿ, 2020 ಮತ್ತು 2021ರ ಕಾಳ್ಗಿಚ್ಚುಗಳು ಸಿಯೆರಾದ ದೊಡ್ಡ ಸಿಕೋಯಾ ಮರಗಳಲ್ಲಿ ಶೇಕಡಾ 13ರಿಂದ 19ರಷ್ಟನ್ನು ಕೊಂದವೆಂದು ಉದ್ಯಾನದವರ ಅಂದಾಜು. ಎರಡು ಸಾವಿರ ವರ್ಷ ಸಣ್ಣ ಬೆಂಕಿಗಳನ್ನು ದಾಟಿಬಂದ ಜೀವಗಳು ಕೂಡಿಟ್ಟ ಬೆಂಕಿಗೆ ಬಲಿಯಾದವು. 2021ರ ಸೆಪ್ಟೆಂಬರಿನಲ್ಲಿ ಜನರಲ್ ಶರ್ಮನ್ ಮರದ ಬುಡಕ್ಕೇ ಅಲ್ಯೂಮಿನಿಯಂ ಹೊದಿಕೆ ಸುತ್ತಿ ಕಾಯಬೇಕಾಯಿತು. ದೈತ್ಯಾರಣ್ಯ ಬಹುಪಾಲು ಉಳಿದುಕೊಂಡಿತು. ಅಲ್ಲಿ ದಶಕಗಳಿಂದ ಚಿಕ್ಕ ಬೆಂಕಿಗಳನ್ನು ಹಚ್ಚುತ್ತಾ ಬಂದದ್ದು ಅದಕ್ಕೆ ಒಂದು ಮುಖ್ಯ ಕಾರಣ.

ಇನ್ನೊಂದು ಸಂಗತಿ. ಈ ಮರಗಳ ನಡುವೆ ಹಿಂದೆ ವಸತಿಗೃಹಗಳೂ ಅಂಗಡಿಗಳೂ ತುಂಬಿದ್ದವು. ಬೇರುಗಳಿಗೆ ಹಾನಿಯಾಗುತ್ತದೆಂದು 1990ರ ದಶಕದ ಕೊನೆಯ ವರ್ಷಗಳಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಕಟ್ಟಡಗಳನ್ನು ಅಲ್ಲಿಂದ ತೆಗೆದುಹಾಕಿದರು. ಕಟ್ಟಿದ್ದನ್ನು ತೆಗೆಯುವ ಧೈರ್ಯ ಸಣ್ಣದಲ್ಲ. ನಮ್ಮ ಕಡೆ ಯಾವ ಬೆಟ್ಟದ ಮೇಲಾದರೂ ಇಂಥದೊಂದು ನಿರ್ಧಾರವನ್ನು ಊಹಿಸಿಕೊಳ್ಳಲು ಪ್ರಯತ್ನಿಸಿ ನಾನು ಸೋತೆ.

ಬಂಡೆಯ ಕಡೆಗೆ ಹೋಗುವ ದಾರಿಯಲ್ಲಿ ಕರ್ನಲ್ ಯಂಗ್ ಎಂಬುವರ ಹೆಸರಿನ ಮರವಿದೆ. ಚಾರ್ಲ್ಸ್ ಯಂಗ್ 1864ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವರು. 1903ರಲ್ಲಿ ಸೈನ್ಯದ ಕ್ಯಾಪ್ಟನ್ ಆಗಿ ಈ ಉದ್ಯಾನದ ಹೊಣೆ ಹೊತ್ತರು. ಒಂದೇ ಬೇಸಿಗೆಯಲ್ಲಿ ಅವರ ಕರಿಯ ಸೈನಿಕರು ದೈತ್ಯಾರಣ್ಯದವರೆಗೆ, ಅಲ್ಲಿಂದ ಮೋರೋ ರಾಕ್‌ನ ಬುಡದವರೆಗೆ ಗಾಡಿರಸ್ತೆ ಮಾಡಿಕೊಟ್ಟರು. ಕೃತಜ್ಞರಾದ ಜನ ಒಂದು ಮರಕ್ಕೆ ಅವರ ಹೆಸರಿಡಲು ಹೊರಟಾಗ ಒಪ್ಪದೆ, ಇಪ್ಪತ್ತು ವರ್ಷಗಳ ಮೇಲೂ ಹಾಗೆಯೇ ಅನ್ನಿಸಿದರೆ ಇಡಿ ಎಂದರಂತೆ. ಆ ಹೆಸರು ಮರಕ್ಕೆ ಬಂದದ್ದು 2004ರಲ್ಲಿ. ತಮ್ಮ ಮಾತಿನ ಕೊನೆಯಲ್ಲಿ ತಮ್ಮ ಹೆಸರನ್ನು ಹಾಕದೆ ಇಷ್ಟದೈವದ ಅಂಕಿತ ಹಾಕಿದ ಶರಣರ ನೆನಪಾಯಿತು. ಕಾಯಕವೆಂಬ ಶಬ್ದ ಅವರಿಗೆ ತಿಳಿದಿರಲಿಲ್ಲ, ಅಷ್ಟೇ.

ಮೋರೋ ರಾಕ್ ಹತ್ತಲು ಬಂಡೆಯ ಮೈಗೇ ಅಂಟಿಕೊಂಡಂತೆ 1931ರಲ್ಲಿ ಕಟ್ಟಿದ ಮುನ್ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ತುಮಕೂರು ಸೀಮೆಯವನಾದ ನನಗೆ ಸಿದ್ಧಗಂಗೆಯ ಮೆಟ್ಟಿಲೂ ಶಿವಗಂಗೆಯ ಬಂಡೆಯೂ ಬಾಲ್ಯದಿಂದ ಪರಿಚಿತ. ಆದರೂ ಎದುಸಿರು ಬಿಟ್ಟೆ. ನೆತ್ತಿಯ ಎತ್ತರ 6,725 ಅಡಿ. ಪೂರ್ವಕ್ಕೆ ಹಿಮದ ಗೆರೆಗಳನ್ನು ಹೊತ್ತ ಶಿಖರಗಳ ಸಾಲು, ಕೆಳಗೆ ಕವೀಯಾ ನದಿಯ ಕಣಿವೆ, ಪಶ್ಚಿಮಕ್ಕೆ ಬಯಲುಸೀಮೆಯ ಮೇಲೆ ಕವಿದ ಕಂದು ಧೂಳು.

ಈ ಬಂಡೆಯಾದರೂ ಸ್ಥಾವರವೇ? ಭೂಗರ್ಭದಲ್ಲಿ ಹೆಪ್ಪುಗಟ್ಟಿದ ಗ್ರಾನೈಟ್ ಇದು. ಮೇಲಿನ ಭಾರ ಸವೆದುಹೋದಂತೆ ಹಿಗ್ಗಿ, ಈರುಳ್ಳಿಯಂತೆ ಪದರಪದರವಾಗಿ ಕಳಚುತ್ತಾ ಬಂದದ್ದರಿಂದಲೇ ಹೀಗೆ ಗುಂಡಾಗಿದೆ. ಈಗಲೂ ಕಳಚುತ್ತಿದೆ. ಸಿಯೆರಾದ ಗ್ರಾನೈಟಿಗೆ ಸುಮಾರು ಹತ್ತು ಕೋಟಿ ವರ್ಷ. ನಮ್ಮ ರಾಮನಗರ, ಸಾವನದುರ್ಗಗಳ ಗ್ರಾನೈಟಿಗೆ ಸುಮಾರು ಇನ್ನೂರೈವತ್ತು ಕೋಟಿ. ಅದನ್ನು ಕೇಳಿ ಮೊಮ್ಮಗಳಿಗೆ ಬಹಳ ಸಂತೋಷವಾಯಿತು, ನಮ್ಮ ಊರು ಗೆದ್ದಿತೆಂದು.

ಅಲ್ಲಿ ಕುಳಿತು ಅವಳಿಗೆ ಹೇಳಿದೆ: ಆ ಮರ ನಿಂತದ್ದರಿಂದ ಬದುಕಿಲ್ಲ. ಪ್ರತಿ ವರ್ಷ ಒಂದು ಹೊಸ ಉಂಗುರ, ಬೇರಿನಿಂದ ನೆತ್ತಿಯವರೆಗೆ ನೀರಿನ ಯಾತ್ರೆ, ಗಾಯದ ಮೇಲೆ ನಡೆದುಬರುವ ತೊಗಟೆ, ಬೆಂಕಿ ಬಂದಾಗ ಬಾಯಿಬಿಡುವ ಕಾಯಿ. ಇವು ನಿಂತ ದಿನ ಅದು ಸ್ಥಾವರ. ಅಣ್ಣನವರು ಹೇಳಿದ ನಾಶ ಅಲ್ಲಿಂದ ಶುರು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಅದು ಜಂಗಮ" ಎಂದಳು. ಆಮೇಲೆ, ಮನೆಯಲ್ಲಿ ಎರಡು ವರ್ಷದಿಂದ ಯಾರೂ ಎತ್ತದ ಮಾತನ್ನು ತಾನೇ ಎತ್ತಿದಳು: "ನನಗೆ ಲಿಂಗದೀಕ್ಷೆ ಯಾವಾಗ?"

ನನ್ನ ಮಗ ಆ ದೇಶಕ್ಕೆ ಹೋಗಿ ಇಪ್ಪತ್ತೆರಡು ವರ್ಷ. ಅವನ ಇಷ್ಟಲಿಂಗ ದೇವರ ಮನೆಯ ಕಪಾಟಿನಲ್ಲಿ, ಬೆಳ್ಳಿಯ ಕರಡಿಗೆಯಲ್ಲಿ ಇದೆ. ಪೂಜೆಯಿಲ್ಲ, ಆದರೆ ಧೂಳೂ ಇಲ್ಲ. ನಾನು ಅದರ ಬಗ್ಗೆ ಎಂದೂ ಕೇಳಿದವನಲ್ಲ. ಅವನು ಕಬ್ಬಿಣದ ಕಂಬಿ ಹಿಡಿದು ಬಹಳ ಹೊತ್ತು ಶಿಖರಗಳನ್ನೇ ನೋಡುತ್ತಿದ್ದು, "ಬರುವ ಬೇಸಿಗೆ ರಜೆಗೆ ಊರಿಗೆ ಬರುತ್ತೇವೆ ಅಪ್ಪಾಜಿ. ಬುದ್ಧಿಯವರಲ್ಲಿ ಕೇಳಿ ನೋಡಿ" ಎಂದ.

ಅವಳೊಬ್ಬಳಿಗೇ ಏನು ಎಂದು ನಾನು ಕೇಳಲಿಲ್ಲ. ಗಾಳಿ ಜೋರಾಗುತ್ತಿತ್ತು, ಮೆಟ್ಟಿಲಿಳಿಯಲು ಅವನು ಕೈ ಕೊಟ್ಟ.